ಚಿಮಣಿಗೆ ಗುರಿಯಿಟ್ಟ ಫಿರಂಗಿ

ಮಾವನವರು ಒಂದು ಫೋಟೋ ಕೇಳಿದ್ದೇ ಇಷ್ಟಕ್ಕೆಲ್ಲ ಕಾರಣ.

ಅವರು ಅಳಿಯನನ್ನು ಏನೂ ಕೇಳುವವರಲ್ಲ. ಸೊಂಟದ ಮೂಳೆ ಮುರಿದು ಮಗಳ ಮನೆಗೆ ಬಂದ ಮೇಲೂ ನೀರು ಬೇಕಾದರೆ ಮಗಳನ್ನೇ ಕೂಗುತ್ತಿದ್ದರು. ಮಗಳು ಸ್ನಾನಕ್ಕೆ ಹೋಗಿದ್ದರೆ ಬಾಯಾರಿಕೆಯನ್ನು ತಡೆದುಕೊಂಡು ಕೂರುತ್ತಿದ್ದರು. ಅಳಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದೂ ಎಕ್ಸ್‌ರೇ ಎಂದೇ. ಮಾವನವರ ಲೆಕ್ಕದಲ್ಲಿ ಅದೊಂದು ಕೆಲಸವೇ ಅಲ್ಲ. ಇರುವ ಮುಖವನ್ನು ಬಿಟ್ಟು ಒಳಗಿನ ಮೂಳೆಯ ಫೋಟೋ ತೆಗೆಯುವವನಿಗೆ ಮಗಳನ್ನು ಕೊಟ್ಟೆನಲ್ಲ ಎಂಬ ಸಂಕಟ ಅವರ ಗಂಟಲಲ್ಲಿ ಮಾತ್ರೆಯ ಹಾಗೆ ಸಿಕ್ಕಿಕೊಂಡೇ ಇತ್ತು.

ಹಾಗಾಗಿ ಅಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅವರು "ಅಳಿಯಂದ್ರೆ" ಎಂದಾಗ, ಬೇರೆ ಯಾರಾದರೂ ಅಳಿಯ ಬಂದಿದ್ದಾನೇನೋ ಎಂದು ಎಕ್ಸ್‌ರೇ ಹಿಂದೆ ತಿರುಗಿ ನೋಡಿದ.

"ನಿಮ್ಮನ್ನೇ ಕರೆದದ್ದು. ನಾಳೆ ಬೆಳಿಗ್ಗೆ ನಮ್ಮ ಮಿಲ್ಲಿನ ಚಿಮಣಿ ಉರುಳಿಸ್ತಾರಂತೆ. ಅದರದ್ದೊಂದು ಫೋಟೋ ಬೇಕು ನಂಗೆ."

"ಅದಕ್ಕೇನು ಮಾವ, ಈಗಲೇ ಫೋನಲ್ಲಿ..."

"ಫೋನಿಂದು ಬೇಡ. ಕೆಳಗಿನ ಟೈಲರು ತೆಗೆದು ತೋರಿಸಿದ, ಬೆಂಕಿಕಡ್ಡಿ ಹಾಗಿತ್ತು. ನಂಗೆ ಬುಡದಿಂದ ತುದಿ ತನಕ ಬೇಕು, ಇಟ್ಟಿಗೆ ಇಟ್ಟಿಗೆ ಕಾಣೋ ಹಾಗೆ. ಬುಡದಲ್ಲಿ ಒಂದು ಕಬ್ಬಿಣದ ಬಾಗಿಲಿದೆ, ಅದಂತೂ ಕಾಣಲೇಬೇಕು. ಆಯಸ್ಸೆಲ್ಲ ಅದರ ಮುಂದೆ ನಿಂತು ಒಲೆ ಉರಿಸಿದೀನಿ." ಮಾವನವರು ಲೋಟ ಕೆಳಗಿಟ್ಟು, ಮಂಚದ ಅಡಿಗೆ ಒಮ್ಮೆ ಕಣ್ಣು ಹಾಯಿಸಿದರು. "ಅಷ್ಟು ದೊಡ್ಡ ಕೊಳವೆ ತಂದಿಟ್ಕೊಂಡಿದೀರಲ್ಲ, ಅದರಿಂದ ಏನಾದ್ರೂ ಆಗುತ್ತಾ, ಇಲ್ಲ ಬರೀ ಧೂಳು ಹಿಡಿಯೋಕಾ?"

ಆ ಕೊಳವೆ ಎಕ್ಸ್‌ರೇಯ ಪ್ರಾಣ. ಯಾವುದೋ ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಸಿಕ್ಕ ದೂರದ ಲೆನ್ಸು ಅದು. ತುಂಬಿದ ಗ್ಯಾಸ್ ಸಿಲಿಂಡರಿನಷ್ಟು ಭಾರ, ಮುಂದಿನ ಬಾಯಿ ಸಾರಿನ ಪಾತ್ರೆಯಷ್ಟು ಅಗಲ. ಅದಕ್ಕೆ ತಕ್ಕಂತೆ ಮರದ ಪೆಟ್ಟಿಗೆಯ ಕ್ಯಾಮೆರಾ. ನಡುವೆ ಹಾರ್ಮೋನಿಯಮ್ಮಿನ ಹಾಗೆ ಹಿಗ್ಗಿ ಕುಗ್ಗುವ ತಿದಿ, ಹಿಂದೆ ಊಟದ ತಟ್ಟೆಯಗಲದ ಮಬ್ಬು ಗಾಜು. ಫಿಲ್ಮು ಸುರುಳಿಯಲ್ಲ, ಗಾಜಿನಷ್ಟೇ ಅಗಲದ ಬಿಡಿ ಹಾಳೆ. ಹೆಂಡತಿ ಆ ಲೆನ್ಸನ್ನು ಸವತಿ ಎನ್ನುತ್ತಿದ್ದಳು. ಗುಡಿಸುವಾಗ ಪೊರಕೆಯಿಂದ ಅದಕ್ಕೊಂದು ಪೆಟ್ಟು ಹೆಚ್ಚೇ ಬೀಳುತ್ತಿತ್ತು. ಇಷ್ಟು ದಿನ ಅವನು ಅದರಲ್ಲಿ ಏನನ್ನೂ ತೆಗೆದಿರಲಿಲ್ಲ. ಹೊರಗೆ ತೆಗೆದು, ಒರೆಸಿ, ನಿಟ್ಟುಸಿರು ಬಿಟ್ಟು ಒಳಗೆ ತಳ್ಳುತ್ತಿದ್ದ.

"ಆಗುತ್ತೆ ಮಾವ," ಎಂದ ಎಕ್ಸ್‌ರೇ. "ಬುಡದಿಂದ ತುದಿ ತನಕ. ನೀವು ಇಟ್ಟಿಗೆ ಎಣಿಸಬಹುದು."

"ನೋಡೋಣ," ಎಂದರು ಮಾವನವರು, ಆಗಲೇ ಅರ್ಧ ಬೇಜಾರಾದವರಂತೆ.

ಎಕ್ಸ್‌ರೇ ಆಸ್ಪತ್ರೆಗೆ ಫೋನು ಮಾಡಿ ಜೊತೆಯವನ ಜೊತೆ ಪಾಳಿ ಬದಲಿಸಿಕೊಂಡ. ಮಿಲ್ಲಿನ ಹತ್ತಿರಕ್ಕೆ ಹೋಗುವ ಮಾತಿರಲಿಲ್ಲ, ಸುತ್ತ ತಗಡಿನ ಬೇಲಿ ಹಾಕಿದ್ದರು. ಹೋದರೂ ಪ್ರಯೋಜನವಿಲ್ಲ. ಬುಡದಲ್ಲಿ ನಿಂತು ತಲೆಯೆತ್ತಿ ತೆಗೆದ ಚಿಮಣಿ, ಕುಡಿದವನು ಗೋಡೆಗೆ ಒರಗಿದ ಹಾಗೆ ಹಿಂದಕ್ಕೆ ವಾಲಿರುತ್ತದೆ. ನೆಟ್ಟಗೆ ಬರಬೇಕಾದರೆ ದೂರ ನಿಲ್ಲಬೇಕು, ದೂರ ನಿಂತೂ ದೊಡ್ಡದಾಗಿ ಬರಬೇಕಾದರೆ ಸವತಿಯೇ ಬೇಕು. ಅವರ ಕಟ್ಟಡವಿದ್ದದ್ದು ದಿಣ್ಣೆಯ ಮೇಲೆ, ಮಿಲ್ಲು ಊರಾಚೆಯ ತಗ್ಗಿನಲ್ಲಿ. ತಾರಸಿಯಿಂದ ಚಿಮಣಿ ಪೂರ್ತಿ ಕಾಣುತ್ತಿತ್ತು.

ಲೆನ್ಸನ್ನು ಮಗುವಿನ ಹಾಗೆ ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ಅವನು ಮೆಟ್ಟಿಲು ಹತ್ತತೊಡಗಿದ. ಮೊದಲ ತಿರುವಿನಲ್ಲೇ ಕಟ್ಟಡದ ಸೆಕ್ರೆಟರಿ ಎದುರಾದರು. ಆ ಮನುಷ್ಯ ನಿವೃತ್ತರಾದ ಮೇಲೆ ಮೆಟ್ಟಿಲಿನಲ್ಲೇ ವಾಸ.

"ಏನ್ರೀ ಎಕ್ಸ್‌ರೇ, ಯಾರ ಮೇಲೆ ಯುದ್ಧ?"

"ಲೆನ್ಸು ಸಾರ್. ಚಿಮಣಿ ಫೋಟೋಗೆ."

"ಇಲ್ಲಿಂದ ಅಲ್ಲೀ ತನಕ ಕಾಣುತ್ತಾ?"

"ಇಟ್ಟಿಗೆ ಮೇಲಿನ ಬಿರುಕೂ ಕಾಣುತ್ತೆ ಸಾರ್."

ಸೆಕ್ರೆಟರಿ ಸರಸರನೆ ಕೆಳಗಿಳಿದರು. ಎಕ್ಸ್‌ರೇ ತಾರಸಿ ಮುಟ್ಟುವಷ್ಟರಲ್ಲಿ ಮಾತು ಕಟ್ಟಡವನ್ನು ಸುತ್ತಿ ಬಂದು ದಪ್ಪಗಾಗಿತ್ತು: ಆಸ್ಪತ್ರೆಯಿಂದ ಎಕ್ಸ್‌ರೇ ಫಿರಂಗಿ ತಂದಿದ್ದಾನೆ, ಅದು ಗೋಡೆ ತೂರಿ ನೋಡುತ್ತದೆ, ಬಟ್ಟೆಯಂತೂ ಅದಕ್ಕೆ ಲೆಕ್ಕವೇ ಇಲ್ಲ. ಮೊದಲ ಮಹಡಿಯ ಹೆಡ್‌ಮೇಡಂ ಕಿಟಕಿಯ ಪರದೆ ಎಳೆದರು. ಸ್ವಲ್ಪ ಯೋಚಿಸಿ, ಅದರ ಮೇಲೆ ಒಂದು ಕಂಬಳಿಯನ್ನೂ ಹಾಕಿದರು.

ಮೇಲೆ ಎಕ್ಸ್‌ರೇಗೆ ಬೇರೆಯದೇ ತಾಪತ್ರಯ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ ಲೆನ್ಸು ಸಿಕ್ಕಿಸಿದ್ದೇ ತಡ, ಇಡೀ ಸಂಸಾರ ಮೂತಿಯ ಕಡೆಗೆ ತೂಗಿತು. ಇನ್ನು ಅರೆಗಳಿಗೆ ತಡವಾಗಿದ್ದರೆ ಕೆಳಗೆ ನಿಲ್ಲಿಸಿದ್ದ ಸೆಕ್ರೆಟರಿಯ ಸ್ಕೂಟರಿನ ಮೇಲೆ ಬೀಳುತ್ತಿತ್ತು. ಲೆನ್ಸಿನ ಮೂತಿಗೂ ಒಂದು ಆಸರೆ ಬೇಕೇಬೇಕು. ಅವನು ಕೆಳಗೆ ಓಡಿ ಮಾವನವರ ವಾಕರ್ ಎತ್ತಿಕೊಂಡು ಬಂದ.

"ಅದು ನನ್ನ ಕಾಲು ಕಣ್ರೀ," ಎಂದು ಮಾವನವರು ಕೂಗಿದ್ದು ಕೇಳಿಸಿತು.

"ಸಂಜೆ ತನಕ ಮಾವ, ಚಿಮಣಿಗೋಸ್ಕರ."

ಒಗೆಯುವ ಕಲ್ಲಿನ ಮೇಲೆ ವಾಕರ್, ವಾಕರಿನ ಮೇಲೆ ದಿಂಬು, ದಿಂಬಿನ ಮೇಲೆ ಲೆನ್ಸಿನ ಮೂತಿ. ಮನೆತನದ ಹಿರಿಯರೊಬ್ಬರು ಬಿಸಿಲು ಕಾಯಲು ಕುಳಿತ ಹಾಗಿತ್ತು.

ಅಷ್ಟರಲ್ಲಿ ನಿಯೋಗ ಬಂತು. ಮುಂದೆ ಸೆಕ್ರೆಟರಿ, ಹಿಂದೆ ಹೆಡ್‌ಮೇಡಂ, ಅವರ ಹಿಂದೆ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದ ಟೈಲರು.

"ನಾವು ಪರೀಕ್ಷೆ ಮಾಡಬೇಕು," ಎಂದರು ಸೆಕ್ರೆಟರಿ.

ಎಕ್ಸ್‌ರೇ ಕಪ್ಪು ಬಟ್ಟೆ ಎತ್ತಿ ಹಿಡಿದ. ಸೆಕ್ರೆಟರಿ ಅದರೊಳಗೆ ತಲೆ ತೂರಿಸಿದರು. ಒಳಗಿನಿಂದ ಬಹಳ ಹೊತ್ತು ಉಸಿರಾಟದ ಸದ್ದಷ್ಟೇ ಬಂತು.

"ಎಲ್ಲ ತಲೆಕೆಳಗಾಗಿದೆಯಲ್ರೀ. ಕೆಟ್ಟಿದೆಯಾ?"

"ಇಲ್ಲ ಸಾರ್, ಹಾಗೇ ಕಾಣೋದು. ಬೆಳಕು ಒಳಗೆ ಬರೋದೇ ಹಾಗೆ."

"ಬಟ್ಟೆ ತೂರಿ ಕಾಣುತ್ತೆ ಅಂದ್ರು."

"ಇಲ್ಲ ಸಾರ್."

"ಸ್ವಲ್ಪನೂ?"

"ಸ್ವಲ್ಪನೂ ಇಲ್ಲ."

ಸೆಕ್ರೆಟರಿ ಹೊರಬಂದರು. ಮುಖದಲ್ಲಿ ನೆಮ್ಮದಿಗಿಂತ ನಿರಾಸೆಯೇ ಹೆಚ್ಚಿತ್ತು. ಮುಂದಿನ ಸರದಿ ಹೆಡ್‌ಮೇಡಂ ಅವರದು. ಅವರು ಒಳಗೆ ಹೋದವರು ಕತ್ತನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕೊನೆಗೆ ಸೊಂಟದ ತನಕ ಬಗ್ಗಿ ಗಾಜನ್ನು ಕೆಳಗಿನಿಂದ ನೋಡಿದರು. ಒಬ್ಬ ಮುಖ್ಯೋಪಾಧ್ಯಾಯಿನಿ ಆ ಭಂಗಿಯಲ್ಲಿರುವುದನ್ನು ನೋಡಲಾರದೆ ಟೈಲರು ಆಕಾಶ ನೋಡಿದ.

"ಅಯ್ಯೋ, ನಮ್ಮ ಶಾಲೆ ತಾರಸಿ ಇದೆಯಲ್ಲಪ್ಪ ಇದರಲ್ಲಿ. ಚಿಮಣಿ ಬುಡಕ್ಕೇ ಅಂಟಿಕೊಂಡ ಹಾಗಿದೆ. ಶಾಲೆ ಇರೋದು ಇಲ್ಲೇ ಮೂರು ಬೀದಿ ಆಚೆ, ಚಿಮಣಿ ಇರೋದು ಊರಾಚೆ. ಮಧ್ಯದ ಮನೆಗಳೆಲ್ಲ ಎಲ್ಲಿ ಹೋದವು?"

"ಅದೇ ಮೇಡಂ ಇದರ ಗುಣ," ಎಂದ ಎಕ್ಸ್‌ರೇ. ಯಾರೋ ಕೇಳಿದ್ದೇ ಅವನಿಗೆ ಹಬ್ಬ. "ಹತ್ತಿರದ್ದು ದೂರದ್ದು ಅಂತ ನೋಡಲ್ಲ. ಮಡಚಿದ ಸೀರೆ ಹಾಗೆ ಎಲ್ಲಾನೂ ಒಂದರ ಮೇಲೊಂದು ಒತ್ತಿ ಇಟ್ಟುಬಿಡುತ್ತೆ. ಇನ್ನು ಇದರ ಕಣ್ಣನ್ನ ಸಣ್ಣಗೆ ಮಾಡಿದ್ರೆ ಎರಡೂ ಅಷ್ಟೇ ಸ್ಪಷ್ಟ. ಬೆಳಕು ಕಮ್ಮಿ ಆಗುತ್ತೆ, ಅದಕ್ಕೆ ಮುಚ್ಚಳ ತೆಗೆದು ಜಾಸ್ತಿ ಹೊತ್ತು..."

"ರೀ, ಫಿಲ್ಮು ಇದರೊಳಗಿದೆ ಅಂದ್ರಲ್ಲ," ಎಂದು ಸೆಕ್ರೆಟರಿ ನಡುವೆ ಬಾಯಿ ಹಾಕಿದರು. ಅವರ ಒಂದು ಕೈಯಲ್ಲಿ ಫಿಲ್ಮಿನ ಚಪ್ಪಟೆ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಅದರಿಂದ ಎಳೆದು ತೆಗೆದ ಕಪ್ಪು ತಗಡು. "ಎಲ್ಲಿದೆ? ಬರೀ ಖಾಲಿ ಹಾಳೆ ಇದೆ."

ಎಕ್ಸ್‌ರೇ ಬೆಳಕು ತಾಗಿ ಕೆಟ್ಟು, ಬಿಸಿಲಿನಲ್ಲಿ ಮಿರುಗುತ್ತಿದ್ದ ಆ ಹಾಳೆಯನ್ನು ನೋಡಿದ.

"ಇತ್ತು ಸಾರ್. ನೀವು ನೋಡೋ ತನಕ ಇತ್ತು."

ಪೆಟ್ಟಿಗೆಯ ಮತ್ತೊಂದು ಮಗ್ಗುಲಲ್ಲಿ ಇನ್ನೊಂದು ಹಾಳೆ ಉಳಿದಿತ್ತು. ಅವನು ಅದನ್ನು ಕಸಿದು ಅಂಗಿಯೊಳಗೆ ಇಟ್ಟುಕೊಂಡ. ಅದು ಹೋದರೆ ಬೇರೆ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಭೂತಗನ್ನಡಿ ಹಿಡಿದು ಮಬ್ಬು ಗಾಜಿನ ಮೇಲೆ ಚಿಮಣಿಯನ್ನು ಪರೀಕ್ಷಿಸುತ್ತಿದ್ದ. ಆಗ ಒಂದು ವಿಚಿತ್ರ ಕಂಡಿತು. ಚಿಮಣಿ ನಡುಗುತ್ತಿತ್ತು. ಚಳಿ ಹಿಡಿದವನ ಹಾಗೆ ಸಣ್ಣಗೆ, ಒಂದೇ ಸಮ. ಅವನು ಬಟ್ಟೆಯಿಂದ ತಲೆ ಹೊರಗೆ ಹಾಕಿ ನೋಡಿದ, ಚಿಮಣಿ ನೆಟ್ಟಗಿತ್ತು. ಒಳಗೆ ಹೋದ, ಮತ್ತೆ ನಡುಕ. ಅವನು ತಾರಸಿಯ ನೆಲಕ್ಕೆ ಕಿವಿಯಿಟ್ಟ. ಕೆಳಗಿನಿಂದ ಸಣ್ಣಗೆ ಕಟಕಟ: ಟೈಲರನ ಮೆಷಿನ್ನು. ಅದು ನಿಂತ ಕೂಡಲೇ ಚಿಮಣಿ ಧುಬ್ ಧುಬ್ ಎಂದು ಮೇಲಕ್ಕೂ ಕೆಳಕ್ಕೂ ನೆಗೆಯತೊಡಗಿತು. ಅದು ಎರಡನೇ ಮಹಡಿಯ ವ್ಯಾಯಾಮದ ಹುಡುಗ, ಕಟ್ಟಡದವರ ಬಾಯಲ್ಲಿ ಕಸರತ್ತು; ಹಗ್ಗ ಹಿಡಿದು ಕುಣಿಯುತ್ತಿದ್ದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಜನರನ್ನು ಒಬ್ಬೊಬ್ಬರನ್ನಾಗಿ ಅಲುಗದಂತೆ ನಿಲ್ಲಿಸುತ್ತಿದ್ದ. ಇಲ್ಲಿ ಇಡೀ ಕಟ್ಟಡವನ್ನು ನಿಲ್ಲಿಸಬೇಕಿತ್ತು.

ಅವನು ಬಾಗಿಲಿನಿಂದ ಬಾಗಿಲಿಗೆ ಹೊರಟ.

"ನಾನು ಕುಣಿದ್ರೆ ನಿಮ್ ಫೋಟೋಗೇನಾಗುತ್ತೆ ಅಣ್ಣ?" ಎಂದ ಕಸರತ್ತು, ಬೆವರು ಒರೆಸಿಕೊಳ್ಳುತ್ತ. "ಚಿಮಣಿ ಅಲ್ಲಿದೆ, ನಾನು ಇಲ್ಲಿದೀನಿ."

"ಲೆನ್ಸು ಇಲ್ಲಿದೆಯಲ್ಲಪ್ಪ. ಇಲ್ಲಿ ಕೂದಲೆಳೆ ಅಲುಗಿದ್ರೆ ಅಲ್ಲಿ ಆಳುದ್ದ ಅಲುಗಿದ ಹಾಗೆ ಬರುತ್ತೆ."

ಕಸರತ್ತು ತನ್ನ ಕಾಲುಗಳನ್ನು ಹೊಸ ಗೌರವದಿಂದ ನೋಡಿಕೊಂಡ.

ಸಂಜೆ ಬಿಸಿಲು ಚಿಮಣಿಯ ಮೇಲೆ ಬಿದ್ದಾಗ ಮೇಲಿನಿಂದ ಸ್ಟೀಲ್ ತಟ್ಟೆ ಒಂದು ಸಲ ಬಾರಿಸುತ್ತೇನೆ, ಎರಡನೇ ಸಲ ಬಾರಿಸುವ ತನಕ ಯಾರೂ ಕದಲಬಾರದು ಎಂದು ಎಲ್ಲರಿಗೂ ಹೇಳಿದ. ಹೆಡ್‌ಮೇಡಂ ಕೈ ಎತ್ತಿದರು. ಅಷ್ಟು ವರ್ಷ ಮಕ್ಕಳ ಕೈ ಎತ್ತಿಸಿ ಅವರಿಗೂ ಅದೇ ಅಭ್ಯಾಸ.

"ಉಸಿರಾಡಬಹುದೋ?"

"ಹಿಡ್ಕೊಂಡ್ರೆ ಒಳ್ಳೇದು ಮೇಡಂ," ಎಂದುಬಿಟ್ಟ ಎಕ್ಸ್‌ರೇ. ದಿನವಿಡೀ ಹೇಳುವ ಮಾತು, ಬಾಯಿಗೆ ತಾನಾಗಿ ಬಂತು.

ಅಲ್ಲಿಗೆ ಗಲಾಟೆ ಶುರು. ಕೆಮ್ಮು ಬಂದರೆ ಏನು ಮಾಡುವುದು ಎಂದು ಒಬ್ಬರು. ಎಲ್ಲರಿಗಿಂತ ಹೆಚ್ಚು ಕಟ್ಟಡ ಅಲುಗಿಸುವುದು ಮೆಷಿನ್ನೇ ಎಂದು ಕಸರತ್ತು. ಮೆಷಿನ್ನು ಹೊಟ್ಟೆಪಾಡು, ಹಗ್ಗ ಕೊಬ್ಬು ಎಂದು ಟೈಲರು. ಎಲ್ಲಕ್ಕೂ ಮೂಲ ನೀರಿನ ಪಂಪು, ಅದರ ಬೀಗದ ಕೈ ಇರುವುದು ಸೆಕ್ರೆಟರಿ ಹತ್ತಿರ ಎಂದು ಇಬ್ಬರೂ ಸೇರಿ. ಸೆಕ್ರೆಟರಿ ಈ ವಿಷಯಕ್ಕೆ ಸಭೆ ಕರೆಯಬೇಕೆಂದರು. ಮೆಟ್ಟಿಲ ಮೇಲೇ ಸಭೆ ಸೇರಿತು, ಸೇರಿ ಇಡೀ ಕಟ್ಟಡವನ್ನು ಅಲುಗಿಸಿತು.

ಸದ್ದಿಗೆ ಎಕ್ಸ್‌ರೇಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಗಂಡನ ಮುಖ ನೋಡಿದಳು. ಒಳಗೆ ಗೋಡೆ ಹಿಡಿದುಕೊಂಡು ಮಂಚದ ತುದಿಗೆ ಬಂದು ಕಿವಿಗೊಟ್ಟು ಕುಳಿತಿದ್ದ ಅಪ್ಪನನ್ನೂ ನೋಡಿದಳು.

"ರೀ, ನೀವು ಮೇಲೆ ಹೋಗಿ," ಎಂದಳು. "ಇವರನ್ನೆಲ್ಲ ನಾನು ನೋಡ್ಕೋತೀನಿ. ಈ ಬಿಲ್ಡಿಂಗಲ್ಲಿ ಒಂದು ಇರುವೆ ಕೂಡ ಅಲುಗಲ್ಲ, ಸರಿನಾ?"

ಮದುವೆಯಾದಂದಿನಿಂದ ಸವತಿಯ ವಿಷಯದಲ್ಲಿ ಅವಳು ಒಂದು ಒಳ್ಳೆಯ ಮಾತನ್ನಾಡಿದ್ದು ಅದೇ ಮೊದಲು. ಎಕ್ಸ್‌ರೇಗೆ ಕಣ್ಣು ತುಂಬಿ ಬಂತು. ಅವನು ತಟ್ಟೆಯನ್ನೂ ಸೌಟನ್ನೂ ತೆಗೆದುಕೊಂಡು ಹತ್ತಿದ.

ಸಂಜೆಯಾಯಿತು. ಬಿಸಿಲು ಓರೆಯಾಗಿ ಚಿಮಣಿಗೆ ಬಡಿದು ಒಂದೊಂದು ಇಟ್ಟಿಗೆಗೂ ನೆರಳು ಹುಟ್ಟಿತು. ಎಕ್ಸ್‌ರೇ ಕೊನೆಯ ಬಾರಿ ಬಟ್ಟೆಯೊಳಗೆ ಹೋದ. ಗಾಜಿನಲ್ಲಿ ಚಿಮಣಿ ತಲೆಕೆಳಗಾಗಿ, ನಿಶ್ಚಲವಾಗಿ ನಿಂತಿತ್ತು. ಆ ಪುಟ್ಟ ಕಬ್ಬಿಣದ ಬಾಗಿಲು, ಅದರ ಒಂದು ಮುರಿದ ಕೀಲು ಕೂಡ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತ. ಇಷ್ಟು ದೂರದಿಂದ ಒಬ್ಬ ಮನುಷ್ಯನ ಇಡೀ ಆಯಸ್ಸು ತಟ್ಟೆಯಗಲದ ಗಾಜಿನ ಮೇಲೆ ಬಂದು ಕೂರುತ್ತದಲ್ಲ ಎಂದು ಅವನಿಗೆ ಒಂಥರಾ ಆಯಿತು. ಮಾವನವರು ಈ ಬಾಗಿಲು ನೋಡಿ ಏನೆನ್ನಬಹುದು? ಕಡೇಪಕ್ಷ ನಾಳೆಯಿಂದ ನೀರು ಕೇಳಬಹುದು.

ಲೆನ್ಸಿನ ಕಣ್ಣನ್ನು ಆದಷ್ಟು ಸಣ್ಣಗೆ ಮಾಡಿ ಮುಚ್ಚಳ ಹಾಕಿದ. ಗಾಜಿನ ಮುಂದೆ ಫಿಲ್ಮಿನ ಪೆಟ್ಟಿಗೆ ಜಾರಿಸಿದ. ಇನ್ನು ಕ್ಯಾಮೆರಾದೊಳಗೆ ಏನು ಬೀಳುತ್ತದೆಂದು ನೋಡುವ ಹಾಗಿಲ್ಲ. ನೋಡುವ ಜಾಗದಲ್ಲೇ ಈಗ ಫಿಲ್ಮು ಕುಳಿತಿದೆ. ಆಮೇಲೆ ಅವನು ಕಾದ. ಕೆಳಗಿನಿಂದ ಕಾಲಸಪ್ಪಳ, ಬಾಗಿಲಿನ ಸದ್ದು, ಪಿಸುಮಾತು. ಮೆಲ್ಲಗೆ ಒಂದೊಂದಾಗಿ ಎಲ್ಲ ನಿಂತವು. ಮೆಷಿನ್ನಿಲ್ಲ, ಪಂಪಿಲ್ಲ, ಹಗ್ಗವಿಲ್ಲ, ಕೆಮ್ಮಿಲ್ಲ. ಕಟ್ಟಡ ಕಟ್ಟಿದಂದಿನಿಂದ ಇಂಥ ಮೌನ ಅದರೊಳಗೆ ಕಾಲಿಟ್ಟಿರಲಿಲ್ಲ. ಹೆಂಡತಿ ಅದೇನು ಮಾಡಿದಳೋ ಎಂದು ಅವನಿಗೇ ಕುತೂಹಲವಾಯಿತು.

ತಟ್ಟೆ ಬಾರಿಸಿದ. ಕಪ್ಪು ತಗಡು ಎಳೆದ. ಮುಚ್ಚಳ ತೆಗೆದು, ಲೆನ್ಸಿನ ಮುಂದೆಯೇ ತಡೆದು ಹಿಡಿದು, ಕೈ ಬದಿಗೆ ಸರಿಸಿದ. ತಾನೂ ಉಸಿರು ಹಿಡಿದು ಎಣಿಸಿದ. ಗಾಳಿ ಕೂಡ ಆಸ್ಪತ್ರೆಯ ರೋಗಿಯ ಹಾಗೆ ವಿಧೇಯವಾಗಿ ನಿಂತಿತ್ತು. ಮುಚ್ಚಳ ಹಾಕಿ, ತಗಡು ತಳ್ಳಿ, ಮತ್ತೆ ತಟ್ಟೆ ಬಾರಿಸಿದ.

"ಹಾಂ, ಉಸಿರು ಬಿಡಿ," ಎಂದ, ಖಾಲಿ ತಾರಸಿಗೆ.

ಕೆಳಗಿಳಿದು ಬಂದರೆ ಕಟ್ಟಡದಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ಎಲ್ಲ ಬಾಗಿಲಿಗೂ ಬೀಗ. ತನ್ನ ಮನೆಯ ಬಾಗಿಲಿಗೂ ಬೀಗ. ವಾಕರಿಲ್ಲದೆ ಹೆಜ್ಜೆಯಿಡಲಾರದ ಮಾವನವರೂ ಮಾಯ. ಅವನು ಗಾಬರಿಯಾಗಿ ಬೀದಿಗೆ ಓಡಿಬಂದ. ಬೀದಿಯ ತುದಿಯಿಂದ ಮೆರವಣಿಗೆ ಬರುತ್ತಿತ್ತು. ಕುರ್ಚಿಯ ಮೇಲೆ ಮಾವನವರು, ಕುರ್ಚಿಯನ್ನು ಹೊತ್ತವರು ಕಸರತ್ತು ಮತ್ತು ಟೈಲರು, ಮುಂದೆ ಹೂವಿನ ಛತ್ರಿ ಬಿಚ್ಚಿದ ಹೆಡ್‌ಮೇಡಂ, ಪಕ್ಕದಲ್ಲಿ ಹೆಂಡತಿ. ಸೆಕ್ರೆಟರಿ ದಾರಿಯಲ್ಲಿ ಯಾರೂ ಇಲ್ಲದಿದ್ದರೂ ದಾರಿ ಬಿಡಿಸುತ್ತಿದ್ದರು.

"ಹೇಗೆ ನನ್ನ ಬುದ್ಧಿ?" ಎಂದಳು ಹೆಂಡತಿ. "ಮನೆಯೊಳಗಿದ್ರೆ ತಾನೆ ಅಲುಗೋದು. ಎಲ್ಲರನ್ನೂ ಹೊರಡಿಸಿಬಿಟ್ಟೆ. ಅಪ್ಪನಿಗೂ ಒಂದು ಸಲ ಚಿಮಣಿ ಕಣ್ಣಾರೆ ತೋರಿಸಿದ ಹಾಗಾಯ್ತು."

"ಎಲ್ಲಿ ಹೋಗಿದ್ರಿ?"

"ಇಲ್ಲೇ, ಮೇಡಂ ಶಾಲೆ ತಾರಸಿ ಮೇಲೆ."

ಎಕ್ಸ್‌ರೇ ಕೈಯಲ್ಲಿದ್ದ ಫಿಲ್ಮಿನ ಪೆಟ್ಟಿಗೆಯನ್ನು ನೋಡಿದ.

"ಶಾಲೆ... ತಾರಸಿ ಮೇಲಾ?"

"ಯಾಕ್ರೀ ಹಾಗೆ ನೋಡ್ತೀರಾ? ನೀವು ತೆಗೀತಿದ್ದದ್ದು ಚಿಮಣಿ, ನಾವಿದ್ದದ್ದು ಶಾಲೆ ಮೇಲೆ. ಶಾಲೆ ಎಲ್ಲಿ, ಚಿಮಣಿ ಎಲ್ಲಿ. ಮಧ್ಯ ಅರ್ಧ ಊರಿದೆ."

"ಅಲ್ಲಿಂದ ನಮ್ಮ ಬಿಲ್ಡಿಂಗ್ ಚೆನ್ನಾಗಿ ಕಾಣ್ತಿತ್ತು," ಎಂದರು ಸೆಕ್ರೆಟರಿ ಉತ್ಸಾಹದಿಂದ. "ನಿಜವಾಗ್ಲೂ ಅಲುಗುತ್ತಾ ಅಂತ ಎಲ್ಲರೂ ಸಾಲಾಗಿ ನಿಂತು ನೋಡಿದ್ವಿ. ಅಲುಗಲಿಲ್ಲ."

"ಗಂಟೆ ಸದ್ದು ನನ್ನ ಕಿವಿಗೆ ತಪ್ಪುತ್ತಾ?" ಎಂದರು ಹೆಡ್‌ಮೇಡಂ. "ನೀವು ತಟ್ಟೆ ಹೊಡೆದ ತಕ್ಷಣ ಎಲ್ಲರಿಗೂ ಹೇಳಿದೆ. ಉಸಿರು ಕೂಡ ಹಿಡಿದಿದ್ವಿ."

ಎಕ್ಸ್‌ರೇ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಕತ್ತಲಕೋಣೆಗೆ ನಡೆದ.

ಮರುದಿನ ಬೆಳಿಗ್ಗೆ ಅವನು ಫೋಟೋವನ್ನು ಮಾವನವರ ತೊಡೆಯ ಮೇಲಿಟ್ಟು, ನ್ಯಾಯಾಲಯದಲ್ಲಿ ನಿಂತವನ ಹಾಗೆ ಕೈಕಟ್ಟಿ ನಿಂತ. ಸುತ್ತ ಇಡೀ ಕಟ್ಟಡ ನೆರೆದಿತ್ತು.

ಅಂಥ ಸ್ಪಷ್ಟ ಫೋಟೋವನ್ನು ಅವರು ಯಾರೂ ನೋಡಿರಲಿಲ್ಲ. ತುದಿಯ ಇಟ್ಟಿಗೆಗಳನ್ನು ಎಣಿಸಬಹುದಿತ್ತು. ತುದಿಯಿಂದ ಸ್ವಲ್ಪ ಕೆಳಗೆ ಹೆಡ್‌ಮೇಡಂ ಅವರ ಛತ್ರಿ ಚಿಮಣಿಯ ಆಚೆಯಿಂದ ಈಚೆಗೆ ಅರಳಿತ್ತು, ಹೂಗಳನ್ನೂ ಎಣಿಸಬಹುದಿತ್ತು. ಛತ್ರಿಯ ಕೆಳಗೆ ಮತ್ತು ಆಚೀಚೆ, ಮಿಲ್ಲನ್ನು ಸೊಂಟಕ್ಕೆ ನಿಲ್ಲಿಸಿಕೊಂಡ ರಾಕ್ಷಸರ ಹಾಗೆ ಕಟ್ಟಡದ ಸಮಸ್ತರೂ ಕೆನ್ನೆಯುಬ್ಬಿಸಿ, ಉಸಿರು ಬಿಗಿಹಿಡಿದು, ಕಣ್ಣರಳಿಸಿ ಕ್ಯಾಮೆರಾವನ್ನೇ ನೋಡುತ್ತಿದ್ದರು. ಒಬ್ಬರೂ ಒಂದಿಷ್ಟೂ ಕದಲಿರಲಿಲ್ಲ.

"ನನ್ನ ಹೊಟ್ಟೆ ಇಷ್ಟಿದೆಯೇನ್ರೀ?" ಎಂದರು ಸೆಕ್ರೆಟರಿ.

"ನನಗೊಂದು ದೊಡ್ಡ ಪ್ರಿಂಟು ಅಣ್ಣ," ಎಂದ ಕಸರತ್ತು. "ಚಿಮಣಿ ಬೇಕಾದ್ರೆ ಕತ್ತರಿಸಿಬಿಡಿ."

ಮಾವನವರು ಯಾರ ಮಾತಿಗೂ ಕಿವಿಗೊಡಲಿಲ್ಲ. ಅವರ ಬೆರಳು ತುದಿಯಿಂದ ಇಳಿದು, ಛತ್ರಿ ದಾಟಿ, ಬುಡಕ್ಕೆ ಬಂದು ನಿಂತಿತು. ಬುಡದಲ್ಲಿ, ಸಾಲಿನ ನಟ್ಟನಡುವೆ, ಕುರ್ಚಿಯ ಮೇಲೆ ಒಬ್ಬನೇ ಒಬ್ಬ ಮನುಷ್ಯ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕುಳಿತಿದ್ದ. ಕಬ್ಬಿಣದ ಬಾಗಿಲಿರಬೇಕಾದ ಜಾಗದಲ್ಲಿ, ಬಾಗಿಲಿಗಿಂತ ಅಗಲವಾಗಿ, ಅವನ ಬೋಳುತಲೆ ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು.

"ಇದ್ಯಾವನು, ಬಾಗಿಲಿಗೆ ಅಡ್ಡ ಕೂತಿರೋನು?"

ಟೈಲರು ಅಳತೆ ಟೇಪನ್ನು ಸುತ್ತತೊಡಗಿದ.

"ನೀವೇ ಮಾವ," ಎಂದ ಎಕ್ಸ್‌ರೇ.

ಮಾವನವರು ಕೈಯಿಂದ ತಲೆಯ ಹಿಂಭಾಗವನ್ನು ಒಮ್ಮೆ ಸವರಿ ನೋಡಿಕೊಂಡರು. ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಸ್ವಲ್ಪ ಆ ಕಡೆ ಸರೀರಿ ಅಂತ ಒಂದು ಮಾತು ಕೂಗಕ್ಕಾಗಲಿಲ್ವೇ ಅಳಿಯಂದ್ರೆ?"

"ಕಾಣಲಿಲ್ಲ ಮಾವ."

"ಊರಾಚೆ ಇಟ್ಟಿಗೆ ಕಾಣುತ್ತೆ, ಮೂರು ಬೀದಿ ಆಚೆ ಮಾವ ಕಾಣಲ್ಲ." ಅವರು ಫೋಟೋ ಮಡಿಲಿಗಿಟ್ಟುಕೊಂಡು ಉದಾರವಾಗಿ ಕೈಬೀಸಿದರು. "ಹೋಗಲಿ. ಇನ್ನೊಂದು ತೆಗೀರಿ. ಈ ಸಲ ನಾನು ಪಕ್ಕಕ್ಕೆ ಕೂರ್ತೀನಿ."

ಎಕ್ಸ್‌ರೇ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ತಗ್ಗಿನ ಕಡೆಯಿಂದ ಧಡಾರೆಂದು ಸದ್ದು ಬಂತು. ಕಿಟಕಿಗಳು ಗಡಗಡ ಎಂದವು, ಕಪಾಟಿನ ಲೋಟಗಳು ಒಂದಕ್ಕೊಂದು ತಗುಲಿದವು, ಕಟ್ಟಡ ಬುಡದಿಂದ ತುದಿಯ ತನಕ ಒಮ್ಮೆ ಅಲುಗಿ ನಿಂತಿತು. ಎಲ್ಲರೂ ಕಸರತ್ತಿನ ಕಡೆ ನೋಡಿದರು. ಅವನು ತಾನಲ್ಲ ಎಂದು ಎರಡೂ ಕೈ ಎತ್ತಿದ.

ಮಾವನವರು ಕಿಟಕಿಯ ಕಡೆ ನೋಡಲಿಲ್ಲ. ಅಳಿಯನನ್ನು ನೋಡಿದರು.

"ತಡ ಮಾಡ್ಬಿಟ್ರಲ್ಲ ಅಳಿಯಂದ್ರೆ," ಎಂದರು. ಆಮೇಲೆ ಒಳಗೆ ತಿರುಗಿ ಮಗಳನ್ನು ಕೂಗಿ, ಕುಡಿಯಲು ನೀರು ಕೇಳಿದರು.